ಬಲೆ ಸರಿಮಾಡುವ ಕೈ

ಗುರುಗಳೇ, ಸಿಸ್ಟರ್‌ಗಳೇ, ಹಳಿಯಾಳ, ಮುಂಡಗೋಡ, ಶಿರಸಿ ಕಡೆಯಿಂದ ಈ ಮಳೆಯಲ್ಲಿ ಘಟ್ಟ ಇಳಿದು ಬಂದ ಅಕ್ಕ-ಅಣ್ಣಂದಿರೇ, ನಮ್ಮ ಕಾರವಾರದವರೇ, ಎಲ್ಲರಿಗೂ ನಮಸ್ಕಾರ.

ನಾನು ಪಾದ್ರಿಯಲ್ಲ, ಬೈಬಲ್ ಪಂಡಿತನೂ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಫಾದರ್ ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ ‘ವಿಷಯ: ದೇವರ ಪ್ರೀತಿ’ ಅಂತ ಇದೆ. ಇಷ್ಟು ದೊಡ್ಡ ವಿಷಯ ಕೊಟ್ಟರೆ ಒಂದು ಕಷ್ಟ ಇದೆ. ಏನೂ ಹೇಳದೆಯೇ ಒಂದು ಗಂಟೆ ಮಾತಾಡಿಬಿಡಬಹುದು. ಹಾಗಾಗಬಾರದು ಅಂತ ಒಂದೇ ಅಧ್ಯಾಯ ಹಿಡಿದುಕೊಂಡು ಬಂದಿದ್ದೇನೆ. ಸಂತ ಯೊವಾನ್ನರ ಶುಭಸಂದೇಶದ ಕೊನೆಯದು, 21ನೇ ಅಧ್ಯಾಯ. ಅದರಲ್ಲಿರುವುದು ದೋಣಿ, ಬಲೆ, ಮೀನು, ಕೆಂಡ. ಈ ಊರಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೊದಲು ಮೊನ್ನೆ ಕಂಡದ್ದೊಂದನ್ನು ಹೇಳಿಬಿಡುತ್ತೇನೆ. ಬೈತಖೋಲ್ ಬಂದರಿಗೆ ಸುಮ್ನೆ ನಡೆದುಕೊಂಡು ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಮೀನುಗಾರಿಕೆ ಬೋಟುಗಳಿಗೆ ಸರಕಾರದ ರಜೆ. ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಈ ಎರಡು ತಿಂಗಳಲ್ಲೇ ಬಲೆ ರಿಪೇರಿ ಆಗಬೇಕು. ತಾಡಪಾಲಿನ ಕೆಳಗೆ ಒಬ್ಬರು ಹಿರಿಯರು ಕೂತಿದ್ದರು. ಬಲೆಯ ಒಂದು ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡಿದ್ದರು. ಕೈಯಲ್ಲಿ ದಾರ ಸುತ್ತಿದ ಚಪ್ಪಟೆ ಸೂಜಿ. ಪಕ್ಕದಲ್ಲಿ ಸಣ್ಣ ಚಾಕು.

ಅಂಗೈ ಅಗಲದ ಒಂದು ತೂತು ಇತ್ತು. ಈಗ ಹೊಲಿಯುತ್ತಾರೆ ಅಂತ ನಾನು ನೋಡುತ್ತಿದ್ದರೆ, ಅವರು ಸೂಜಿ ಕೆಳಗಿಟ್ಟು ಚಾಕು ತೆಗೆದುಕೊಂಡರು. ತೂತಿನ ಸುತ್ತಲಿನ ಕಣ್ಣುಗಳನ್ನು ಒಂದೊಂದಾಗಿ ಕೊಯ್ಯತೊಡಗಿದರು. ನೋಡುನೋಡುತ್ತಿದ್ದಂತೆ ಅದು ಒಂದು ಮೊಳ ಅಗಲವಾಯಿತು. ನನಗೆ ಸುಮ್ಮನಿರಲು ಆಗಲಿಲ್ಲ. ಮೇಷ್ಟರ ಚಟ. “ಅಲ್ಲ ಮಾರಾಯ್ರೇ, ಇದ್ದ ತೂತನ್ನೇ ದೊಡ್ಡದು ಮಾಡ್ತಿದ್ದೀರಲ್ಲ?” ಅಂದೆ. ಅವರು ತಲೆ ಎತ್ತಲಿಲ್ಲ. “ಹರಿದ ಅಂಚಿಗೆ ಗಂಟು ನಿಲ್ಲೋದಿಲ್ಲ ಸರ್. ಗಟ್ಟಿ ದಾರ ಸಿಗೋವರೆಗೆ ಕೊಯ್ಲೇಬೇಕು” ಅಂದರು.

ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಯೇಸುಸ್ವಾಮಿ ಯಾಕೋಬ, ಯೊವಾನ್ನ ಅಣ್ಣತಮ್ಮಂದಿರನ್ನು ಮೊದಲು ಕಂಡಾಗ ಅವರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು ಅಂತ ಸಂತ ಮಾರ್ಕರು ಬರೆಯುತ್ತಾರೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ‘ಕತರ್ತಿಝೋ’. ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ, ನಿಮಗೆ ಗೊತ್ತಿದೆ. ಗ್ರೀಕ್ ವೈದ್ಯರು ತಪ್ಪಿದ ಕೀಲನ್ನು ಕೂರಿಸುವುದಕ್ಕೂ ಇದೇ ಮಾತನ್ನು ಬಳಸುತ್ತಿದ್ದರು. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಸಂತ ಪೌಲರು, ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಅವರನ್ನು ಮೆಲ್ಲಗೆ ಸರಿಪಡಿಸಿ ಅನ್ನುತ್ತಾರಲ್ಲ, ಅಲ್ಲಿಯೂ ಇದೇ ಪದ. ಕನ್ನಡ ಬೈಬಲ್ ಓದುವಾಗ ಈ ನಂಟು ಥಟ್ಟನೆ ಕಾಣುವುದಿಲ್ಲ. ಬಲೆಗೂ ಮನುಷ್ಯನಿಗೂ ಒಂದೇ ಪದ ಹಾಕಿದ್ದರು ಅಂತ ಗೊತ್ತಾದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಜಗಲಿಯಲ್ಲಿ ಕೂತಿದ್ದೆ.

ಈಗ 21ನೇ ಅಧ್ಯಾಯಕ್ಕೆ ಬರೋಣ. ಯೇಸುವಿನ ಶಿಷ್ಯ ಪೇತ್ರನನ್ನು ಇವತ್ತು ಏಕವಚನದಲ್ಲೇ ಕರೆಯುತ್ತೇನೆ. ಫಾದರ್ ಕ್ಷಮಿಸಬೇಕು. ಈ ಕಥೆಯಲ್ಲಿ ಅವನಿನ್ನೂ ನಮ್ಮ ಇಗರ್ಜಿಯ ಪೀಠದ ಮೇಲಿನ ಸಂತ ಅಲ್ಲ. ನಿದ್ದೆಗೆಟ್ಟ ಮೀನುಗಾರ.

ಪುನರುತ್ಥಾನ ಆಗಿದೆ, ಶಿಲುಬೆಯಲ್ಲಿ ಸತ್ತ ಯೇಸು ಮತ್ತೆ ಎದ್ದು ಬಂದಿದ್ದಾರೆ. ಶಿಷ್ಯರು ಯೇಸುವನ್ನು ಕಂಡೂ ಆಗಿದೆ. ಆದರೂ ಪೇತ್ರ “ನಾನು ಮೀನು ಹಿಡಿಯೋಕೆ ಹೋಗ್ತೇನೆ” ಅನ್ನುತ್ತಾನೆ. ಉಳಿದವರು “ನಾವೂ ಬರ್ತೇವೆ” ಅಂದರು. ಒಟ್ಟು ಏಳು ಜನ. ಗಲಿಲೇಯ ಸಮುದ್ರ ಅಂತ ಹೆಸರಷ್ಟೇ, ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್. ಕಾರವಾರದಿಂದ ಅಂಕೋಲಾ ಮುಟ್ಟುವಷ್ಟೂ ಇಲ್ಲ. ರಾತ್ರಿಯಿಡೀ ಬಲೆ ಬೀಸಿದರು. ಒಂದು ಮೀನೂ ಇಲ್ಲ.

ಬೆಳಗಾಗುತ್ತಿದ್ದಾಗ ದಡದ ಮೇಲೆ ಯಾರೋ ನಿಂತಿದ್ದಾರೆ. “ಮಕ್ಕಳೇ, ಮೀನೇನಾದರೂ ಸಿಕ್ಕಿತಾ?” ಅಂತ ಕೇಳುತ್ತಾರೆ. ಇಲ್ಲಿ ಒಂದು ಸೊಗಸಿದೆ. ಮೂಲದಲ್ಲಿರುವುದು ಮೀನು ಅನ್ನುವ ಮಾಮೂಲಿ ಪದ ಅಲ್ಲ. ‘ಪ್ರೊಸ್ಫಾಗಿಯೊನ್’. ರೊಟ್ಟಿಯ ಜೊತೆ ತಿನ್ನುವಂಥದ್ದು ಅಂತ ಅರ್ಥ. ನಮ್ಮ ಭಾಷೆಯಲ್ಲಾದರೆ “ನೆಂಚಿಕೊಳ್ಳೋಕೆ ಏನಾದ್ರೂ ಇದೆಯಾ?” ಕೊಂಕಣಿ ಮಾತಾಡುವವರಿಗೆ ಇನ್ನೂ ಸುಲಭ. ‘ನಿಸ್ತೆಂ’ ಅಂದರೆ ಸಾಕು, ಮೀನೂ ಬಂತು, ಅನ್ನಕ್ಕೆ ಕಲಸಿಕೊಳ್ಳುವ ಸಾರೂ ಬಂತು. ಸಾವನ್ನು ಗೆದ್ದು ಬಂದ ಪ್ರಭು ಅಡುಗೆಮನೆಯ ಮಾತಾಡುತ್ತಿದ್ದಾರೆ. ದೋಣಿಯಿಂದ ಬಂದ ಉತ್ತರ ಒಂದೇ ಪದ: “ಇಲ್ಲ.” ಖಾಲಿ ಬಲೆಯ ಜೊತೆ ವಾಪಸ್ ಬರುವವರ ಹತ್ತಿರ ಯಾರಾದರೂ ಮೀನು ಕೇಳಿದಾಗ ಬರುವ “ಇಲ್ಲ” ಹೇಗಿರುತ್ತದೆ ಅಂತ ಇಲ್ಲಿ ಕೂತ ಅರ್ಧ ಜನಕ್ಕೆ ಗೊತ್ತು.

ದೋಣಿಯ ಬಲಗಡೆಗೆ ಬೀಸಿ ಅಂದರು. ಬೀಸಿದರು. ಎಳೆಯಲಾಗದಷ್ಟು ಮೀನು. ದಡದಲ್ಲಿರುವುದು ಪ್ರಭುವೇ ಅಂತ ಒಬ್ಬ ಶಿಷ್ಯ ಗುರುತು ಹಿಡಿದ. ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರಿದ. ನಾವೆಲ್ಲ ಬಟ್ಟೆ ತೆಗೆದಿಟ್ಟು ನೀರಿಗೆ ಇಳಿಯುವವರು, ಇವನು ಹಾಕಿಕೊಂಡು ಹಾರಿದ. ದಡ ಇದ್ದದ್ದು 200 ಮೊಳ ದೂರ. ತೊಂಬತ್ತು ಮೀಟರ್ ಆಗಬಹುದು. ಅಷ್ಟು ಕೂಡ ತಡೆಯಲಾಗಲಿಲ್ಲ.

ಸಿಕ್ಕಿದ್ದು 153 ಮೀನು. ಈ ಅಂಕಿಯ ಹಿಂದೆ ಜನ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಒಂದರಿಂದ 17ರವರೆಗೆ ಎಲ್ಲ ಸಂಖ್ಯೆಗಳನ್ನು ಕೂಡಿದರೆ 153 ಬರುತ್ತದೆ ಅಂತ ಸಂತ ಅಗಸ್ಟೀನರು ತೋರಿಸಿದ್ದಾರೆ. ಮನೆಗೆ ಹೋಗಿ ಕೂಡಿ ನೋಡಿ, ಸರಿ ಬರುತ್ತದೆ. ಗಣಿತದ ಮೇಷ್ಟರಿಗೆ ಇದಕ್ಕಿಂತ ಖುಷಿ ಬೇಕೇ? ಆದರೂ ನನ್ನ ಅನಿಸಿಕೆ ಬೇರೆ. ಏಳು ಜನ ಹಿಡಿದ ಮೀನು, ಏಳು ಪಾಲು ಆಗಬೇಕು, ಅದಕ್ಕೆ ಎಣಿಸಿದರು. ನನಗೆ ಅಂಕಿಗಿಂತ ಅದರ ಮುಂದಿನ ಮಾತು ಹಿಡಿಸುತ್ತದೆ. ಅಷ್ಟು ಮೀನಿದ್ದರೂ ಬಲೆ ಹರಿಯಲಿಲ್ಲ. ಲೂಕರ ಶುಭಸಂದೇಶದ 5ನೇ ಅಧ್ಯಾಯದಲ್ಲಿ, ಪೇತ್ರನನ್ನು ಕರೆದ ಮೊದಲ ದಿನ, ಇಂಥದೇ ಬೇಟೆಗೆ ಬಲೆ ಹರಿಯತೊಡಗಿತ್ತು.

ಈಗ ದಡ. ಅಲ್ಲಿ ಕೆಂಡದ ಬೆಂಕಿ ಇದೆ. ಮೇಲೆ ಮೀನು ಸುಡುತ್ತಿದೆ, ರೊಟ್ಟಿಯೂ ಇದೆ. ಇವರ ಮೀನು ಇನ್ನೂ ನೀರಿನಲ್ಲೇ ಇದೆ, ಆದರೂ ಅಲ್ಲಿ ಮೀನು ಸಿದ್ಧ.

ಕೆಂಡದ ಬೆಂಕಿಗೆ ಇರುವ ಗ್ರೀಕ್ ಪದ ‘ಆಂಥ್ರಕಿಯಾ’. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಎರಡೇ ಸಲ. ಎರಡೂ ಯೊವಾನ್ನರಲ್ಲೇ. ಇನ್ನೊಂದು 18ನೇ ಅಧ್ಯಾಯದಲ್ಲಿ, ಯೇಸುವನ್ನು ಬಂಧಿಸಿ ತಂದ ರಾತ್ರಿ, ಪ್ರಧಾನ ಯಾಜಕನ ಅಂಗಳದಲ್ಲಿ. ಚಳಿ ಇತ್ತು, ಆಳುಗಳು ಕೆಂಡ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು. ಪೇತ್ರನೂ ಅವರ ಜೊತೆ ನಿಂತಿದ್ದ. ನೀನೂ ಆ ಯೇಸುವಿನ ಕಡೆಯವನಲ್ವಾ ಅಂತ ಕೇಳಿದರೆ “ನಾನಲ್ಲ” ಅಂದುಬಿಟ್ಟ. ಒಟ್ಟು ಮೂರು ಸಲ. ಆಮೇಲೆ, ಯೇಸು ಮೊದಲೇ ಹೇಳಿದ್ದ ಹಾಗೆ, ಕೋಳಿ ಕೂಗಿತು.

ಮಳೆಗಾಲದಲ್ಲಿ ಯಾರ ಮನೆಯಲ್ಲಾದರೂ ಒಣ ಬಂಗಡೆ ಕೆಂಡದ ಮೇಲೆ ಹಾಕಿದರೆ ನಾಲ್ಕು ಮನೆ ಆಚೆಗೆ ಗೊತ್ತಾಗುತ್ತದೆ. ವಾಸನೆ ಎಷ್ಟು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ ನೋಡಿ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ದಡ ಹತ್ತಿದ ಪೇತ್ರನ ಮೂಗಿಗೆ ಮೊದಲು ಬಡಿದದ್ದು ಕೆಂಡದ ಹೊಗೆ. ಅವನಿಗೆ ಯಾವ ರಾತ್ರಿ ನೆನಪಾಗಿರಬೇಕು?

ಈಗ ಕೇಳುತ್ತಾರೆ, ಅಂಗಳದಲ್ಲಿ ನಡೆದದ್ದರ ಲೆಕ್ಕ ಈಗ ಚುಕ್ತಾ ಆಗುತ್ತದೆ ಅಂತ ಅವನು ಕಾದಿರಬೇಕು. ಪ್ರಭು ಹೇಳಿದ್ದು “ಬನ್ನಿ, ಊಟ ಮಾಡಿ.” ಗ್ರೀಕ್ ಮೂಲದ ಆ ಪದಕ್ಕೆ ಬೆಳಗಿನ ಊಟ ಅಂತ ಅರ್ಥ. ನಾಷ್ಟಾ ಮಾಡಿ ಅಂದ ಹಾಗೆ. ತಾವೇ ರೊಟ್ಟಿ ತೆಗೆದು ಕೊಟ್ಟರು, ಮೀನೂ ಕೊಟ್ಟರು. ಊಟ ಆದಮೇಲೆ ಮಾತು ಅಂತ ಯೊವಾನ್ನರು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಈ ಅಧ್ಯಾಯದಲ್ಲಿ ಅತಿ ಜಾಸ್ತಿ ಓದಿದ್ದು ಈ ಸಾಲನ್ನು.

ಯಾಕೆ ಅಂದರೆ, ಈ ಸಾಲು ನನ್ನ ಮನೆಯಲ್ಲೂ ನಡೆದಿದೆ. ನನಗೂ ನಮ್ಮ ಅಣ್ಣನಿಗೂ ಆರು ವರ್ಷ ಮಾತಿರಲಿಲ್ಲ. ಕಾರಣ ಒಂದು ಪಾಗಾರ, ಕಾಂಪೌಂಡ್ ಗೋಡೆ. ಅವನು ಕಟ್ಟಿಸಿದ ಪಾಗಾರ ನನ್ನ ಜಾಗದೊಳಗೆ ಒಂಬತ್ತು ಇಂಚು ಬಂದಿದೆ ಅಂತ ನನ್ನ ಲೆಕ್ಕ. ಒಂದು ದಿನ ಇತ್ಯರ್ಥ ಮಾಡಿಯೇ ಬಿಡೋಣ ಅಂತ ಕಾಗದ-ಪತ್ರ ಎಲ್ಲ ಹಿಡಿದುಕೊಂಡು ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಗಿಲಿಗೆ ಬಂದ ಅತ್ತಿಗೆ ನನ್ನ ಕೈಯಲ್ಲಿದ್ದ ಫೈಲು ನೋಡಿದರು. “ಮೊದ್ಲು ಕೈ ತೊಳ್ಕೊಂಡು ಉಣ್ಣು. ಜಗಳ ಆಮೇಲೆ ಆಡುವಿಯಂತೆ” ಅಂದರು. ಅನ್ನ, ತಾರ್ಲೆ ಮೀನಿನ ಸಾರು. ಅಣ್ಣನೂ ಎದುರಿಗೆ ಕೂತು ಉಂಡ. ಇಬ್ಬರೂ ತಟ್ಟೆ ನೋಡಿಕೊಂಡೇ ಉಂಡೆವು.

ಕೈ ತೊಳೆದು ಬಂದಮೇಲೆ ಅಣ್ಣ ಒಂದೇ ಪ್ರಶ್ನೆ ಕೇಳಿದ. ಪಾಗಾರದ್ದಲ್ಲ. “ಅಪ್ಪ ಆಸ್ಪತ್ರೆಯಲ್ಲಿದ್ದಾಗ ಫೋನು ಮಾಡಿದ್ದೆನಲ್ಲ. ನೀನು ಎರಡು ದಿನ ಬಿಟ್ಟು ಯಾಕೆ ಬಂದೆ?” ನನ್ನ ಫೈಲಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪರೀಕ್ಷೆ ಪೇಪರು ತಿದ್ದುವುದಿತ್ತು, ಅಷ್ಟರಲ್ಲಿ ಏನಾಗಲಿಕ್ಕಿಲ್ಲ ಅಂತ ಅಂದುಕೊಂಡಿದ್ದೆ. ನಾನು ತಲುಪುವಾಗ ಅಪ್ಪನಿಗೆ ಮಾತು ನಿಂತಿತ್ತು. ಒಂಬತ್ತು ಇಂಚಿನ ಜಗಳ ಅಂದುಕೊಂಡು ಹೋಗಿದ್ದೆ. ತೂತು ಎಷ್ಟು ದೊಡ್ಡದು ಅಂತ ಅವತ್ತು ಕಂಡಿತು.

ಬೈತಖೋಲಿನ ಚಾಕು ಇಲ್ಲಿ ಬರುತ್ತದೆ. ಊಟ ಆದಮೇಲೆ ಯೇಸು ಕೇಳಿದ ಮೊದಲ ಪ್ರಶ್ನೆ, “ಯೊವಾನ್ನನ ಮಗ ಸೀಮೋನನೇ, ಇವರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುತ್ತೀಯಾ?” ಈ ಯೊವಾನ್ನ ಪೇತ್ರನ ಅಪ್ಪ, ಬೇರೆಯವರು. ಪೇತ್ರ ಅಂತ ಕರೆಯಲಿಲ್ಲ. ಬಂಡೆ ಅನ್ನುವ ಆ ಹೆಸರನ್ನು ತಾವೇ ಕೊಟ್ಟಿದ್ದರೂ ಕರೆಯಲಿಲ್ಲ. ಮೊದಲ ಸಲ ಭೇಟಿಯಾದಾಗಿನ ಹಳೇ ಹೆಸರಿಗೆ ಹೋದರು. “ಇವರಿಗಿಂತ ಹೆಚ್ಚಾಗಿ” ಅಂದದ್ದೂ ಸುಮ್ನೆ ಅಲ್ಲ. ಎಲ್ಲರೂ ಬಿಟ್ಟುಹೋದರೂ ನಾನು ಹೋಗೋದಿಲ್ಲ ಅಂತ ಜಂಬ ಕೊಚ್ಚಿದವನು ಇವನೇ. ಆ ಜಂಬ ಹರಿದ ದಾರ, ಅದರ ಮೇಲೆ ಗಂಟು ನಿಲ್ಲುವುದಿಲ್ಲ. ಎರಡನೇ ಸಲ ಕೇಳಿದರು. ಮೂರನೇ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತು ಅಂತ ಬರೆದಿದೆ. ಆಗದೆ ಇರುತ್ತದೆಯೇ? ಮೂರು ಅಂದ ಕೂಡಲೇ ಅವನಿಗೆ ಗೊತ್ತಾಗಿದೆ. ಅವನ ಕೊನೆಯ ಉತ್ತರದಲ್ಲಿ “ಇವರಿಗಿಂತ” ಇಲ್ಲ, ಜಂಬ ಇಲ್ಲ. “ಪ್ರಭೂ, ನಿಮಗೆ ಎಲ್ಲ ಗೊತ್ತು. ನಾನು ನಿಮ್ಮನ್ನು ಪ್ರೀತಿಸುತ್ತೇನೆ ಅನ್ನೋದೂ ಗೊತ್ತು.” ಗಟ್ಟಿ ದಾರ ಸಿಕ್ಕಿತು.

ಈ ಪ್ರಶ್ನೆಗಳಲ್ಲಿ ಪ್ರೀತಿಗೆ ಎರಡು ಬೇರೆ ಗ್ರೀಕ್ ಪದ ಇವೆ, ಒಂದು ಮೇಲಿನದು, ಒಂದು ಕೆಳಗಿನದು ಅಂತ ಪ್ರವಚನಗಳಲ್ಲಿ ಕೇಳಿರುತ್ತೀರಿ. ಪದ ಎರಡಿರುವುದು ನಿಜ. ಆದರೆ ಯೊವಾನ್ನರು ಬೇರೆ ಕಡೆಗಳಲ್ಲೂ ಆ ಎರಡನ್ನು ಅದಲು ಬದಲು ಬಳಸುತ್ತಾರೆ. ಅದರ ಮೇಲೆ ಜಾಸ್ತಿ ಭಾರ ಹಾಕಬಾರದು ಅಂತ ನನಗೆ ಕಾಣುತ್ತದೆ.

ಕೊಯ್ದಷ್ಟೇ ಮಾಡಿದ್ದರೆ ಅದು ಶಿಕ್ಷೆ ಆಗುತ್ತಿತ್ತು. ಪ್ರತಿ ಉತ್ತರಕ್ಕೂ ಒಂದು ಗಂಟು ಬಿದ್ದಿದೆ, ನೋಡಿ. “ನನ್ನ ಕುರಿಮರಿಗಳನ್ನು ಮೇಯಿಸು.” ತಪ್ಪು ಮಾಡಿದವನಿಗೆ ನಾವು ಕ್ಷಮೆ ಕೊಡುತ್ತೇವೆ, ಕೆಲಸ ಕೊಡುವುದಿಲ್ಲ. ಒಮ್ಮೆ ಲೆಕ್ಕ ತಪ್ಪಿಸಿದವನಿಗೆ ಮತ್ತೆ ಬೀಗದ ಕೈ ಕೊಡುತ್ತೇವಾ? ಪ್ರಭು ಕೊಟ್ಟರು. ಆ ಅಂಗಳದ ವಿಷಯ ಒಂದಕ್ಷರ ಎತ್ತಲಿಲ್ಲ.

ಗಲಿಲೇಯದಲ್ಲಿ 1986ರಲ್ಲಿ ಬರ ಬಂದು ಸರೋವರ ಇಳಿದಾಗ ಕೆಸರಿನಲ್ಲಿ ಒಂದು ಹಳೇ ದೋಣಿ ಸಿಕ್ಕಿತು. ಅದನ್ನು ಕಂಡವರು ಅಲ್ಲಿನ ಮೀನುಗಾರ ಅಣ್ಣತಮ್ಮಂದಿರು. ಎಂಟು ಮೀಟರಿಗಿಂತ ಸ್ವಲ್ಪ ಉದ್ದ. ಯೇಸುವಿನ ಕಾಲದ ಆಸುಪಾಸಿನದು. ಪೇತ್ರನದೇ ಅಂತ ಯಾರೂ ಹೇಳಬಾರದು, ಹೇಳುವವರು ಇರುತ್ತಾರೆ. ಅದರ ಮೈಯಲ್ಲಿ ಹತ್ತು-ಹನ್ನೆರಡು ಜಾತಿಯ ಮರ ಇದೆ. ಒಳ್ಳೇ ಮರ ಕೊಳ್ಳಲು ದುಡ್ಡಿಲ್ಲದ ಯಾರೋ ಸಿಕ್ಕಿದ ತುಂಡನ್ನೆಲ್ಲ ಹಾಕಿ ಮತ್ತೆ ಮತ್ತೆ ತೇಪೆ ಕೊಟ್ಟು ಓಡಿಸಿದ್ದಾರೆ. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ನಮ್ಮ ಮಾಜಾಳಿ ದಂಡೆಯ ಹಳೇ ದೋಣಿಗಳು ನೆನಪಾಗುತ್ತವೆ.

ಪೇತ್ರನ ಹೆಸರಿನಲ್ಲಿರುವ ಮೊದಲ ಪತ್ರದ ಕೊನೆಯ ಅಧ್ಯಾಯ ತೆಗೆದು ನೋಡಿ. ಸ್ವಲ್ಪ ಕಾಲ ಕಷ್ಟಪಟ್ಟಮೇಲೆ ದೇವರೇ ನಿಮ್ಮನ್ನು ಸರಿಮಾಡುತ್ತಾರೆ ಅಂತ 10ನೇ ವಚನದಲ್ಲಿದೆ. ಅಲ್ಲಿರುವ ಪದ ಯಾವುದು ಅಂತ ಊಹಿಸಿದ್ದೀರಿ. ಬಲೆಯ ಪದ.

ಫಾದರ್ ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ಮಾತು. ಇಷ್ಟೆಲ್ಲ ಆದಮೇಲೆ ಪೇತ್ರ ಏನು ಮಾಡಿದ ಗೊತ್ತಾ? ಪ್ರಭುವಿನ ಹಿಂದೆ ನಾಲ್ಕು ಹೆಜ್ಜೆ ಹಾಕಿ, ತಿರುಗಿ ನೋಡಿದ. ದೋಣಿಯಲ್ಲಿ ಪ್ರಭುವಿನ ಗುರುತು ಹಿಡಿದಿದ್ದ ಆ ಇನ್ನೊಬ್ಬ ಶಿಷ್ಯನೂ ಬರುತ್ತಿದ್ದ. “ಪ್ರಭೂ, ಇವನ ಕಥೆ ಏನು?” ಅಂತ ಕೇಳಿಯೇಬಿಟ್ಟ. ಅದರಿಂದ ನಿನಗೇನಾಗಬೇಕು, ನೀನು ನನ್ನ ಹಿಂದೆ ಬಾ ಅಂತ ಹೇಳಿಸಿಕೊಂಡ. ಗಂಟು ಹಾಕಿದ ದಾರ ಇನ್ನೂ ಒಣಗಿರಲಿಲ್ಲ.

ನಾನು ಅವನನ್ನು ನೋಡಿ ನಗುವ ಹಾಗಿಲ್ಲ. ಅವತ್ತು ಅಣ್ಣನೂ ನಾನೂ ಸಂಜೆವರೆಗೆ ಮಾತಾಡಿದೆವು, ಅತ್ತೆವು ಕೂಡ. ಅತ್ತಿಗೆ ಒಂದು ಚೀಲ ತೆಂಗಿನಕಾಯಿ ಕೊಟ್ಟು ಕಳಿಸಿದರು. ಫೈಲು ಬಿಚ್ಚಲೇ ಇಲ್ಲ. ಗೇಟಿನವರೆಗೆ ಬಂದು, ಚೀಲ ಕೆಳಗಿಟ್ಟು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ಪಾಗಾರವನ್ನು ಇನ್ನೊಮ್ಮೆ ಗೇಣು ಹಾಕಿ ಅಳೆದೆ.