ಹಿಂದಿನ ಸೀಟಲ್ಲಿ ಕೂತೋನು ಪ್ಯಾಸೆಂಜರ್ ಅಲ್ಲ ಗುರು!

ನಮಸ್ಕಾರ ನಮಸ್ಕಾರ. ಹೋದ ಎಪಿಸೋಡ್ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದಾನೆ, "ಬ್ರೋ, ಅಮೆರಿಕದಲ್ಲಿ ನಮ್ ಭಾವನ ಫ್ರೆಂಡ್ ಹತ್ರ ಹಳೇ ಎಲ್-39 ಜೆಟ್ (ಎರಡು ಸೀಟಿನ ಮಿಲಿಟರಿ ಟ್ರೈನಿಂಗ್ ವಿಮಾನ) ಇದೆ, ಪೆಟ್ರೋಲ್ ಕಾಸು ಕೊಟ್ರೆ ಒಂದ್ ರೌಂಡ್ ಹೊಡಿಸ್ತಾರಂತೆ, ಇಂಥ ಜೆಟ್ ಹತ್ಬೇಡಿ ಅಂತ ನೀವು ಸುಮ್ನೆ ಹೆದರಿಸ್ತೀರ." ಪೆಟ್ರೋಲಂತೆ! ಜೆಟ್‌ಗೆ ಹಾಕೋದು ಸೀಮೆಎಣ್ಣೆ ಜಾತಿದಪ್ಪ, ಇರ್ಲಿ ಬಿಡು.

ನೋಡು, ಆ ಜೆಟ್ಟಿನ ಹಿಂದಿನ ಸೀಟಲ್ಲಿ ಕೂತೋನು ಪ್ಯಾಸೆಂಜರ್ ಅಲ್ಲ. ಮಿಲಿಟರಿಯಿಂದ ಬಂದ ಇಂಥ ಜೆಟ್ಟುಗಳು ಅಲ್ಲಿ ಹೆಚ್ಚಾಗಿ ಎಕ್ಸ್‌ಪೆರಿಮೆಂಟಲ್ ಸರ್ಟಿಫಿಕೇಟಲ್ಲೇ, ಅಂದ್ರೆ ಮಾಮೂಲಿ ಪ್ಯಾಸೆಂಜರ್ ವಿಮಾನಕ್ಕೆ ಕೊಡೋದಲ್ಲದ ಪರ್ಮಿಟಲ್ಲೇ ಹಾರೋದು, ಅಲ್ಲಿನ ವಿಮಾನಯಾನ ಇಲಾಖೆ ಎಫ್ಎಎ ರೂಲ್ 91.319 ಪ್ರಕಾರ ಅದರಲ್ಲಿ ದುಡ್ಡು ತಗೊಂಡು ಜನ ಕೂರಿಸೋ ಹಾಗಿಲ್ಲ. "ಬಾಡಿಗೆ ಅಲ್ಲ, ಡೊನೇಷನ್" ಅಂತೀಯಾ? ವೈಟ್ ಬೋರ್ಡ್ ಕಾರಲ್ಲಿ ಬಾಡಿಗೆ ಹೊಡಿತಾ ಸಿಕ್ಕಾಕೊಂಡಾಗ "ಇವ್ರು ನಮ್ ಚಿಕ್ಕಪ್ಪ ಸಾರ್" ಅಂತಾರಲ್ಲ, ಹಂಗಾಯ್ತು. ಟ್ರೈನಿಂಗ್‌ಗೆ ಬೇರೆ ಪರ್ಮಿಷನ್ ಸಿಗತ್ತೆ, ನಿಜ, ಅದು ಕಲಿಯೋನಿಗೆ, ರೀಲ್ಸ್ ಮಾಡೋನಿಗಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇನ್ಶೂರೆನ್ಸ್‌ನೋರು ಕೈ ಎತ್ತಕ್ಕೆ ಅಷ್ಟು ಸಾಕು.

ಇನ್ನು ಸೀಟು! ಅದು ಇಜೆಕ್ಷನ್ ಸೀಟು, ಹ್ಯಾಂಡಲ್ ಎಳೆದ್ರೆ ಕೂತೋನನ್ನ ವಿಮಾನದಿಂದ ಆಚೆ ಎಸೆಯತ್ತೆ. ಅದರ ಕೆಳಗೆ ಸಿಡಿಮದ್ದಿದೆ ಮಾರಾಯ, ಆ ಮದ್ದಿಗೂ ಎಕ್ಸ್‌ಪೈರಿ ಡೇಟ್ ಇದೆ. ಎಲ್-39 ಸೀಟು ನೆಲಮಟ್ಟದಲ್ಲಿ ಕೆಲಸ ಮಾಡ್ಬೇಕಂದ್ರೆ ಜೆಟ್ಟು ಗಂಟೆಗೆ 150 ಕಿ.ಮೀ. ಆದ್ರೂ ಓಡ್ತಿರ್ಬೇಕು. ಕೆಲವು ಓನರ್‌ಗಳು ಮದ್ದು ತೆಗೆದೇ ಹಾರಿಸ್ತಾರೆ, ಆಗ ಅದು ಬರೀ ಕುರ್ಚಿ.

2023ರ ಆಗಸ್ಟ್ 13, ಮಿಶಿಗನ್ ಏರ್ ಶೋ, ಖಾಸಗಿ ಮಿಗ್-23. ನಮ್ ಏರ್‌ಫೋರ್ಸಲ್ಲೂ ಇತ್ತಲ್ಲ, ಅದೇ ಮಿಗ್-23. ಆಫ್ಟರ್‌ಬರ್ನರ್, ಅಂದ್ರೆ ಇಂಜಿನ್ನಿಗೆ ಇನ್ನೂ ಜೋರು ಕೊಡೋ ಬೆಂಕಿ, ಹತ್ಕೊಳ್ಳಿಲ್ಲ, ಪೈಲಟ್ ಇನ್ನೂ ಏನಾಯ್ತು ಅಂತ ನೋಡ್ತಾವ್ನೆ, ಹಿಂದೆ ಕೂತೋರು ಹ್ಯಾಂಡಲ್ ಎಳೆದ್ರು, ಇಬ್ರೂ ಆಚೆ! ಖಾಲಿ ಜೆಟ್ಟು ಹೋಗಿ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಬಿತ್ತು. ಯಾರೂ ಸಾಯ್ಲಿಲ್ಲ, ಅದೃಷ್ಟ. ಹಿಂದಿನ ಸೀಟಿನ ಒಂದು ಕೈ, ಇಡೀ ವಿಮಾನ ಢಮಾರ್. ಅವನನ್ನ ಪ್ಯಾಸೆಂಜರ್ ಅಂತೀಯಾ?

"ಸತ್ರೆ ನಾನ್ ಸಾಯ್ತೀನಿ, ನಿಂಗೇನು" ಅಂತ ಇನ್ನೊಬ್ಬ. 2015ರಲ್ಲಿ ಇಂಗ್ಲೆಂಡಿನ ಶೋರ್‌ಹ್ಯಾಮಲ್ಲಿ ಹಂಟರ್ ಅನ್ನೋ ಹಳೇ ಯುದ್ಧ ಜೆಟ್ ರಸ್ತೆಗೆ ಬಿದ್ದು 11 ಜನ ಹೋದ್ರು, ಪೈಲಟ್ ಬದುಕಿದ. ಆ 11 ಜನದಲ್ಲಿ ಒಬ್ರೂ ಜೆಟ್ ಒಳಗಿರ್ಲಿಲ್ಲ.

ಸಬ್‌ಸ್ಕ್ರೈಬ್ ಮಾಡ್ರಪ್ಪ, ಪಾಪ ಎಡಿಟರ್‌ಗೆ ಸಂಬಳ ಕೊಡ್ಬೇಕು. ಕಾಫಿ ಮಗ್ ಲಿಂಕ್ ಕೆಳಗಿದೆ, ಅದಕ್ಕೂ ಹ್ಯಾಂಡಲ್ ಇದೆ, ಎಳೆದ್ರೆ ಏನೂ ಆಗಲ್ಲ. ಪ್ಯಾಸೆಂಜರ್ ಅಂತೆ ಪ್ಯಾಸೆಂಜರ್! ಪ್ಯಾಸೆಂಜರ್ ಆಗ್ಬೇಕಾ, ಮೆಜೆಸ್ಟಿಕ್‌ಗೆ ಹೋಗಿ ಬಸ್ ಹತ್ತು ಮಗಾ.