ಅಲಿಬಾಗ್ ಕಡೆ ಮನೆ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮುಂಬೈ ಕಡೆಯ ಮಾಟುಂಗಾ, ಚೆಂಬೂರು, ಡೊಂಬಿವಿಲಿಯ ಕನ್ನಡಿಗರ ಮನೆಗಳಲ್ಲಿ ನಿವೃತ್ತಿ ಹತ್ತಿರ ಬಂದಾಗ ಒಂದು ಮಾತು ಏಳುತ್ತದೆ. ಊರಿಗೆ ಹೋಗಿ ನೆಲೆಸೋಣವೆಂದರೆ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಹಾಗಾದರೆ ನೀರಿನಾಚೆಯ ದಡದಲ್ಲಿ, ಅಲಿಬಾಗ್ ಕಡೆ, ಒಂದು ಸಣ್ಣ ಮನೆ ಮಾಡಿದರೆ ಹೇಗೆ? ಯೋಚನೆ ಒಳ್ಳೆಯದೇ. ಮುಂಬೈನ ಭಾವುಚಾ ಧಕ್ಕಾದಲ್ಲಿ ವಾಹನಗಳನ್ನೂ ಒಯ್ಯುವ ರೋ-ರೋ ಹಡಗು ಹತ್ತಿದರೆ ಸುಮಾರು ಒಂದು ಗಂಟೆಗೆ ಮಾಂಡವಾ. ಅಲ್ಲಿಂದ ಅಲಿಬಾಗ್ ಪೇಟೆಗೆ ಸುಮಾರು 20 ಕಿಲೋಮೀಟರ್. 2024ರ ಜನವರಿಯಲ್ಲಿ ಮುಂಬೈಯಿಂದ ನವಿ ಮುಂಬೈ ಕಡೆಗೆ ಸಮುದ್ರ ದಾಟುವ ಅಟಲ್ ಸೇತು ತೆರೆದ ಮೇಲೆ ರಸ್ತೆಯೂ ಸಲೀಸಾಗಿದೆ. ಅದರ ಜೊತೆಗೇ ಬೆಲೆಯೂ ಏರಿದೆ, ದಲ್ಲಾಳಿಗಳ ಅವಸರವೂ ಏರಿದೆ.

ಉಡುಪಿ, ಕುಂದಾಪುರ, ಕುಮಟೆಯ ಕಡೆಯವರಿಗೆ ಅಲಿಬಾಗ್ ಕಡೆಯ ನಾಗಾಂವ್, ಅಕ್ಷಿ, ರೇವದಂಡಾದ ವಾಡಿಗಳು, ಅಂದರೆ ತೋಟಗಳು, ಪರಸ್ಥಳ ಅನ್ನಿಸುವುದೇ ಇಲ್ಲ. ಅದೇ ತೆಂಗು, ಅದೇ ಅಡಿಕೆ, ಹಂಚಿನ ಮಾಡು, ಅಂಗಳದ ಬಾವಿ. ಈ ಸಲಿಗೆಯಲ್ಲೇ ಜನ ಮೈಮರೆಯುತ್ತಾರೆ. ಕಣ್ಣಿಗೆ ನಮ್ಮೂರಿನಂತೆ ಕಂಡರೂ ಅಲ್ಲಿನ ನೆಲದ ಕಾನೂನು ಮಹಾರಾಷ್ಟ್ರದ್ದು. ಆದ್ದರಿಂದ ಕಡಲು ಎಷ್ಟು ಹತ್ತಿರ ಎಂದು ಕೇಳುವ ಮೊದಲು, ಈ ನೆಲ ಯಾವ ಬಗೆಯದು ಎಂದು ಕೇಳಿ.

ನಮ್ಮಲ್ಲಿ ಪಹಣಿ ಇದ್ದಂತೆ ಅಲ್ಲಿ ಸಾತ್‌ಬಾರಾ ಉತಾರಾ. ಅದರಲ್ಲಿ ಒಡೆಯರ ಹೆಸರು ನೋಡಿ ಮುಗಿಸಬೇಡಿ. ‘ಇತರ ಹಕ್ಕು’ ಎಂಬ ಕಾಲಂ ಇರುತ್ತದೆ. ಬ್ಯಾಂಕಿನ ಸಾಲ, ಕೋರ್ಟಿನ ತಡೆ, ಗೇಣಿದಾರನ ಹೆಸರು, ಹೆಣ್ಣುಮಕ್ಕಳ ಪಾಲು ಎಲ್ಲ ಅಲ್ಲಿ ಕೂತಿರುತ್ತವೆ. ನೆಲದ ಹಿಡುವಳಿದಾರ, ಅಂದರೆ ಭೋಗವಟಾದಾರ, ವರ್ಗ 1 ಎಂದಿದ್ದರೆ ಮಾರಾಟಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ವರ್ಗ 2 ಎಂದಿದ್ದರೆ ಸರ್ಕಾರದ ಅನುಮತಿ ಬೇಕು. ಪ್ರತಿ ಬದಲಾವಣೆಗೂ ಫೇರ್‌ಫಾರ್ ಎಂಬ ನಮೂದು ಇರುತ್ತದೆ, ಅದರ ಸಂಖ್ಯೆ ಉತಾರದ ಮೇಲೇ ಸಿಗುತ್ತದೆ. ಆ ಸಂಖ್ಯೆಗಳನ್ನು ಹಿಡಿದು ಹಳೆಯ ನಮೂದುಗಳನ್ನೆಲ್ಲ ತೆಗೆಸಿ, ಉಪನೋಂದಣಿ ಕಚೇರಿಯಲ್ಲಿ 30 ವರ್ಷದ ದಾಖಲೆಗಳ ಸರ್ಚ್ ಮಾಡಿಸಿ. ವಕೀಲರು ನಿಮ್ಮ ಕಡೆಯವರಿರಲಿ. ಮಾರುವವರೋ ದಲ್ಲಾಳಿಯೋ ತೋರಿಸಿದವರು ಬೇಡ.

ಗೇಣಿಯ ವಿಷಯ ಇಲ್ಲಿ ಬರೀ ಕಾಗದದ ಮಾತಲ್ಲ. ಇದೇ ಅಲಿಬಾಗ್ ತಾಲೂಕಿನ ಚರಿ ಎಂಬ ಹಳ್ಳಿಯಲ್ಲಿ 1933ರಿಂದ ಗೇಣಿ ರೈತರು ಖೋತರ, ಅಂದರೆ ಗೇಣಿ ವಸೂಲಿ ಮಾಡುವ ಒಡೆಯರ, ವಿರುದ್ಧ ವರ್ಷಗಟ್ಟಲೆ ಉಳುಮೆಯನ್ನೇ ನಿಲ್ಲಿಸಿ ಹೋರಾಡಿದ್ದರು. ಮುಂದೆ ಬಂದ 1948ರ ಗೇಣಿ ಕಾಯ್ದೆಯಿಂದ ಒಕ್ಕಲುಗಳಿಗೆ ನೆಲ ಸಿಕ್ಕಿತು. ಹಾಗೆ ಸಿಕ್ಕ ನೆಲವನ್ನು ಮಾರಲು ಕಲಂ 43ರ ನಿರ್ಬಂಧವಿದೆ. ಉತಾರದಲ್ಲಿ ಆ ಷರತ್ತು ಕಂಡರೆ, ಅದು ತೀರಿದೆ ಎಂಬ ಆದೇಶದ ಪ್ರತಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.

ಕೃಷಿ ಭೂಮಿಯ ಮಾತು ಇನ್ನೂ ಬಿಗಿ. ಅದೇ ಕಾಯ್ದೆಯ ಕಲಂ 63ರಂತೆ ರೈತರಲ್ಲದವರು ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಕೃಷಿ ಭೂಮಿ ಕೊಳ್ಳುವಂತಿಲ್ಲ. “ಸದ್ಯ ಬರೆಸಿಕೊಳ್ಳಿ ಸಾಹೇಬ್ರೆ, ಎನ್‌ಎ ಆಮೇಲೆ ಮಾಡಿಸೋಣ” ಅನ್ನುವವರಿದ್ದಾರೆ. ಎನ್‌ಎ ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ. ರೈತನೆಂಬ ದಾಖಲೆ ಮಾಡಿಸಿಕೊಡುತ್ತೇನೆ ಅನ್ನುವವರೂ ಇದ್ದಾರೆ. ಇಬ್ಬರ ಮಾತಿಗೂ ಕಿವಿಗೊಡಬೇಡಿ. ವ್ಯವಹಾರ ಕಾಯ್ದೆಗೆ ವಿರುದ್ಧ ಎಂದು ತೀರ್ಮಾನವಾದರೆ ಆ ನೆಲ ಸರ್ಕಾರಕ್ಕೆ ಸೇರಬಹುದು, ನೀವು ಕೊಟ್ಟ ಹಣ ನೀರಲ್ಲಿ ಹೋಮ. ಊರಲ್ಲಿ ನಿಮ್ಮ ಹೆಸರಿಗೆ ಗದ್ದೆ, ತೋಟ ಇದ್ದರೂ ಆ ಪಹಣಿ ಇಲ್ಲಿ ನಡೆಯುತ್ತದೆಯೇ ಎಂದು ವಕೀಲರಿಂದ ಬರವಣಿಗೆಯಲ್ಲಿ ಪಡೆಯಿರಿ. ಒಂದೋ ಎರಡೋ ಗುಂಟೆಯ ತುಂಡು ಕೊಳ್ಳಲು ಹೊರಟವರು 1947ರ ತುಂಡುಭೂಮಿ ಕಾಯ್ದೆಯನ್ನೂ ನೋಡಬೇಕು. ಎನ್‌ಎ ಆಗಿದೆ ಎಂದವರ ಬಳಿ ಆದೇಶ, ಮಂಜೂರಾದ ಲೇಔಟ್ ನಕ್ಷೆ, ಎರಡನ್ನೂ ಕೇಳಿ.

ಹಳ್ಳಿಯ ಗಾವ್‌ಠಾಣ್, ಅಂದರೆ ಜನವಸತಿಯ ಜಾಗ, ಅದರ ಒಳಗಿನ ಹಳೇ ಮನೆ ಅಗ್ಗವಾಗಿ ಸಿಗುತ್ತದೆ. ಅಲ್ಲಿ ಸಾತ್‌ಬಾರಾ ಇರುವುದಿಲ್ಲ, ಗ್ರಾಮ ಪಂಚಾಯತಿಯ ನಮೂನೆ 8 ತೋರಿಸುತ್ತಾರೆ. ಅದು ಮನೆ ತೆರಿಗೆಯ ಉತಾರಾ ಅಷ್ಟೇ, ಒಡೆತನದ ದಾಖಲೆಯಲ್ಲ. ಸಿಟಿ ಸರ್ವೆ ಆಗಿದ್ದರೆ ಪ್ರಾಪರ್ಟಿ ಕಾರ್ಡ್ ಸಿಗುತ್ತದೆ, ಅದನ್ನೇ ಕೇಳಿ. ಇಂಥ ಮನೆಗಳಲ್ಲಿ ಹಕ್ಕುದಾರರ ಪಟ್ಟಿ ಉದ್ದ. ಅಜ್ಜನ ಹೆಸರಲ್ಲೇ ಉಳಿದ ಮನೆಯನ್ನು ಊರಲ್ಲಿರುವ ಒಬ್ಬ ಮೊಮ್ಮಗ ಮಾರಲು ನಿಂತಿರುತ್ತಾನೆ. ಉಳಿದವರು ಥಾಣೆ ನಗರದಲ್ಲಿ, ಮುಂಬೈನ ಗಿರಗಾಂವ್‌ನಲ್ಲಿ, ಮದುವೆಯಾಗಿ ಹೋದ ಅತ್ತೆಯಂದಿರು ಇನ್ನೆಲ್ಲೋ. ಅವರೆಲ್ಲರ ಸಹಿ ಬೇಕು. ಒಬ್ಬರದು ತಪ್ಪಿದರೂ ಮುಂದೆ ದಾವೆಗೆ ದಾರಿ.

ಅಳತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ತಾಲೂಕು ಭೂಮಿ ಅಭಿಲೇಖ ಕಚೇರಿಗೆ ಹಣ ಕಟ್ಟಿ ಸರ್ಕಾರಿ ಮೋಜಣಿ ಮಾಡಿಸಿ, ಗಡಿ ಕಲ್ಲು ನೆಟ್ಟ ನಕ್ಷೆ ಪಡೆಯಿರಿ. ಅರ್ಜಿಯನ್ನು ಸಾಮಾನ್ಯವಾಗಿ ಮಾರುವವರ ಹೆಸರಲ್ಲೇ ಹಾಕಬೇಕಾಗುತ್ತದೆ. ಈ ಮಾತನ್ನು ಕರಾರಿನಲ್ಲೇ ಬರೆಸಿ. ರಸ್ತೆ ನೋಡಿ. ಪಕ್ಕದವರ ವಾಡಿಯ ಮೇಲೆ ಹಾದು ಬರುವ ದಾರಿಯಾದರೆ, ಆ ಹಕ್ಕು ನೋಂದಾಯಿತ ಪತ್ರದಲ್ಲಿ ಇರಬೇಕು. ಬಾಯಿ ಮಾತಿನ ದಾರಿ ಜಾಗ ಕೈ ಬದಲಾದ ದಿನ ಮುಚ್ಚುತ್ತದೆ.

ಈಗ ಕಡಲಿನ ಗೆರೆಗೆ ಬರೋಣ. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ, 1991ರಿಂದ ಇದೆ. 2011ರಲ್ಲಿ, ಮತ್ತೆ 2019ರಲ್ಲಿ ಹೊಸ ಅಧಿಸೂಚನೆ ಬಂತು. ಉಬ್ಬರದ ಗರಿಷ್ಠ ರೇಖೆಯಿಂದ ಒಳನಾಡಿನ ಕಡೆ 500 ಮೀಟರ್ ಇದರ ವ್ಯಾಪ್ತಿ. ನೀವು ಹೋದ ದಿನ ಅಲೆ ಎಲ್ಲಿತ್ತು ಎಂಬುದು ಲೆಕ್ಕಕ್ಕಿಲ್ಲ, ನಕ್ಷೆಯಲ್ಲಿ ಗುರುತಿಸಿದ ರೇಖೆಯೇ ಲೆಕ್ಕ. 2011ರ ನಿಯಮದಲ್ಲಿ ಹಳ್ಳಿ ಭಾಗಕ್ಕೆ ಮೊದಲ 200 ಮೀಟರ್ ಕಟ್ಟಡ ನಿಷೇಧ. 2019ರ ನಿಯಮದಲ್ಲಿ ಜನ ದಟ್ಟಣೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿರುವ ಹಳ್ಳಿಗಳಿಗೆ ಅದು 50 ಮೀಟರಿಗೆ ಇಳಿಯಿತು, ಉಳಿದ ಕಡೆ 200 ಮೀಟರ್ ಹಾಗೆಯೇ ಉಳಿಯಿತು. ಆದರೆ ಹೊಸ ನಿಯಮದ ಪ್ರಕಾರ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆ ಮಂಜೂರಾದ ಮೇಲೆಯೇ ಆ ಸಡಿಲಿಕೆ ಸಿಗುವುದು. “ಈಗ 50 ಮೀಟರ್ ಸಾಕು” ಎಂದವರನ್ನು ಯಾವ ನಕ್ಷೆಯ ಪ್ರಕಾರ ಎಂದು ಕೇಳಿ. ಪಟ್ಟಣದ ಒಳಗೆ, ಸಿಆರ್‌ಝಡ್ 2 ಎಂಬ ಭಾಗದಲ್ಲಿ, ಮೊದಲಿಂದ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳನಾಡಿನ ಮಗ್ಗುಲಲ್ಲಿ ಮಾತ್ರ ಹೊಸದಾಗಿ ಕಟ್ಟಬಹುದು.

ಹಲವರು ಸಮುದ್ರದಿಂದ ದೂರ ಅಳೆದು ಸಮಾಧಾನಪಡುತ್ತಾರೆ, ಮನೆ ಹಿಂದಿನ ಖಾಡಿಯನ್ನು ಮರೆಯುತ್ತಾರೆ. ಉಬ್ಬರ ಏರಿ ಬರುವ ಅಳಿವೆ, ಹಿನ್ನೀರಿನ ದಂಡೆಗೂ ಇದೇ ಕಾನೂನು ಇದೆ; ರೇವದಂಡಾದ ಕುಂಡಲಿಕಾ ದಂಡೆ, ರೇವಸ್ ಕಡೆಯ ಧರಮತರ್ ಖಾಡಿ ಇದರಲ್ಲೇ ಬರುತ್ತವೆ. ಸರ್ವೆ ನಂಬರು ಹಿಡಿದು 1:4000 ಅಳತೆಯ ನಕ್ಷೆಯಲ್ಲಿ ನೋಡಬೇಕು. ಅನುಮಾನವಿದ್ದರೆ ಕೇಂದ್ರ ಮಾನ್ಯ ಮಾಡಿದ ಸಂಸ್ಥೆಯಿಂದ, ಉದಾಹರಣೆಗೆ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ದೂರಸಂವೇದಿ ಸಂಸ್ಥೆಯಿಂದ, ಗುರುತು ಮಾಡಿಸಬಹುದು. ನಿಯಮ ಮುರಿದ ಮನೆಗೆ ಏನಾಗುತ್ತದೆ ಎಂಬುದನ್ನು ಕಿಹೀಮ್ ತೀರದಲ್ಲಿ ಜನ ಕಂಡಿದ್ದಾರೆ. 2019ರ ಮಾರ್ಚ್‌ನಲ್ಲಿ ಅಲ್ಲಿನ ದೊಡ್ಡ ಬಂಗಲೆಯೊಂದನ್ನು ಜಿಲ್ಲಾಡಳಿತ ಸ್ಫೋಟಕ ಇಟ್ಟು ಕೆಡವಿತು.

ನನ್ನ ಸಲಹೆ ಕೇಳಿದರೆ, ಅಲೆ ಕಾಣುವ ಮನೆಯ ಆಸೆ ಬಿಡಿ. ಪೇಟೆಯ ಒಳಗೆ, ದಡದಿಂದ ಒಂದು ಕಿಲೋಮೀಟರ್ ಆಚೆ, ತೆಂಗಿನ ಸಾಲಿನ ಹಿಂದೆ ಇರುವ ಮನೆ ಹುಡುಕಿ. ಬೆಳಿಗ್ಗೆ ನಡೆದು ಹೋಗಿ ಕುಲಾಬಾ ಕೋಟೆ ನೋಡಿ ಬರಬಹುದು, ಉಪ್ಪಿನ ಕಾಟವೂ ಕಡಿಮೆ. ಅಲಿಬಾಗ್ ರಾಯಗಡ ಜಿಲ್ಲೆಯ ಕೇಂದ್ರ. ಜಿಲ್ಲಾ ಆಸ್ಪತ್ರೆ, ಎಸ್‌ಟಿ ಬಸ್ ನಿಲ್ದಾಣ, ಬ್ಯಾಂಕು ಎಲ್ಲ ಕೈಗೆಟಕುವಲ್ಲಿವೆ. ಅರುವತ್ತು ದಾಟಿದವರಿಗೆ ಸಮುದ್ರದ ನೋಟಕ್ಕಿಂತ ಆಸ್ಪತ್ರೆಯ ದೂರ ಮುಖ್ಯ. ರೈಲು ಬೇಕೆಂದರೆ ಪೇಣ್ ತನಕ ಹೋಗಬೇಕು. ಮುಂಬೈನ ಗೇಟ್‌ವೇಯಿಂದ ಮಾಂಡವಾಕ್ಕೆ ಹೊರಡುವ ಲಾಂಚುಗಳು ಮಳೆಗಾಲದಲ್ಲಿ ನಿಲ್ಲುತ್ತವೆ.

ಕಟ್ಟಡದ ಪರೀಕ್ಷೆಗೆ ಒಂದು ಇಡೀ ದಿನ ಇಡಿ. ಕಾಂಕ್ರೀಟಿನ ಒಳಗಿನ ಸರಳಿಗೆ ಸಿಮೆಂಟಿನ ಕ್ಷಾರವೇ ಕಾವಲು. ಕಡಲ ಗಾಳಿಯ ಉಪ್ಪು ಸಣ್ಣ ರಂಧ್ರಗಳಲ್ಲಿ ಇಳಿದು ಸರಳು ಮುಟ್ಟಿದ ದಿನ ಆ ಕಾವಲು ಒಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಹೊಸ ಬಣ್ಣ ಬಳಿದ ಗೋಡೆ ನೋಡಬೇಡಿ; ಬಾಲ್ಕನಿಯ ತಳ, ಸಜ್ಜಾದ ಅಂಚು, ಮೆಟ್ಟಿಲಿನ ಕೆಳಭಾಗ, ನೀರಿನ ಟ್ಯಾಂಕಿನಡಿ ನೋಡಿ. ತೊಲೆಯ ತಳದಲ್ಲಿ ಸರಳಿನ ಜಾಡಿನಲ್ಲೇ ಉದ್ದಕ್ಕೆ ಬಿರುಕು, ಕಂದು ಕಲೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪೊಳ್ಳು ಸದ್ದು, ಇವು ಮೂರೂ ರೋಗದ ಗುರುತು. ಮೇಲೆ ಗಾರೆ ಮೆತ್ತಿ ಮುಚ್ಚಿದರೆ ಆ ಜಾಗದ ಪಕ್ಕದಲ್ಲೇ ತುಕ್ಕು ಮತ್ತೆ ಎದ್ದು ಬರುತ್ತದೆ. ಸರಳಿನ ಹಿಂಬದಿಯವರೆಗೂ ಒಡೆದು, ಉಜ್ಜಿ, ಸವೆದಲ್ಲಿ ಹೊಸ ಸರಳು ಕಟ್ಟಿ, ಪಾಲಿಮರ್ ಗಾರೆ ತುಂಬಬೇಕು. ಅದರ ಖರ್ಚು ಬೆಲೆಯಲ್ಲಿ ಕಡಿತವಾಗಲಿ.

ಸ್ಟ್ರಕ್ಚರಲ್ ಎಂಜಿನಿಯರ್ ಹಾಫ್ ಸೆಲ್ ಪರೀಕ್ಷೆಯಿಂದ ತುಕ್ಕಿನ ಸಂಭವ ಅಳೆಯುತ್ತಾರೆ, ಕೊರೆದ ಕಾಂಕ್ರೀಟಿಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ, ಬಾರದಿದ್ದರೆ ಹೋಗಿದೆ. ಹೊಸದಾಗಿ ಕಟ್ಟಿಸುವವರು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿ ಗಾಳಿಗೆ ತೆರೆದ ಭಾಗಕ್ಕೆ ಕನಿಷ್ಠ ಎಂ 30 ಕಾಂಕ್ರೀಟು, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಎಂದು ಕರಾರಿನಲ್ಲೇ ಬರೆಸಬೇಕು. ತುಂತುರು ಬಡಿಯುವ ಜಾಗಕ್ಕೆ ಎಂ 35, 50 ಮಿಲಿಮೀಟರ್. ದಡದ ಮರಳು ಬಳಸಿದರೆ ಉಪ್ಪು ಮೊದಲ ದಿನವೇ ಒಳಗೆ ಹೋದಂತೆ. ಕಿಟಕಿ, ಗ್ರಿಲ್, ತಿರುಪುಗಳಿಗೆ ಸ್ಟೀಲ್ ಬೇಕಾದಲ್ಲಿ 316 ದರ್ಜೆ. 304 ಬೇಗ ಕಲೆಗಟ್ಟುತ್ತದೆ.

2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಇದೇ ರಾಯಗಡ ತೀರಕ್ಕೆ ಅಪ್ಪಳಿಸಿತು. ಹಂಚು, ಶೀಟುಗಳು ಹಾರಿಹೋದವು, ವಾಡಿಗಳು ಮಲಗಿದವು, ಹಲವು ಹಳ್ಳಿಗಳಿಗೆ ವಾರಗಟ್ಟಲೆ ಕರೆಂಟು ಇರಲಿಲ್ಲ. ಆದ್ದರಿಂದ ಮಾಡಿನ ರೀಪು, ಪಕ್ಕಾಸುಗಳು ಗೋಡೆಗೆ ಬೋಲ್ಟಿನಿಂದ ಬಿಗಿದಿವೆಯೇ ನೋಡಿ. ಮನೆಗೆ ಬಾಗಿದ ತೆಂಗಿನ ಮರ ಇದೆಯೇ ನೋಡಿ.

ನೀರು. ಮಳೆ ಇಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು, ಆದರೂ ಮೇ ತಿಂಗಳಲ್ಲಿ ಬಾವಿ ಉಪ್ಪಾಗುತ್ತದೆ. ದಡದ ನೆಲದಲ್ಲಿ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪು ಸುಮಾರು 40 ಅಡಿ ಮೇಲೇಳಬಹುದು ಎಂಬುದು ಭೂಜಲದವರ ಲೆಕ್ಕ. ಅಕ್ಕಪಕ್ಕದ ರೆಸಾರ್ಟುಗಳು ಬೋರು ಎಳೆದಷ್ಟೂ ನಿಮ್ಮ ಬಾವಿ ಕೆಡುತ್ತದೆ. ಹಾಗಾಗಿ ನೀರಿನ ಮಾದರಿಯನ್ನು ಮೇ ಕೊನೆಯಲ್ಲೇ ತೆಗೆಯಿರಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 2000 ಕೊನೆಯ ಮಿತಿ; ಕ್ಲೋರೈಡಿಗೆ 250 ಮತ್ತು 1000. ಶೌಚದ ಇಂಗುಗುಂಡಿ ಬಾವಿಯಿಂದ 18 ಮೀಟರಾದರೂ ದೂರವಿರಲಿ, ಪಕ್ಕದವರ ಗುಂಡಿಯನ್ನೂ ಅಳೆಯಿರಿ. ಜುಲೈಯಲ್ಲಿ ಜಡಿಮಳೆಯ ದಿನ ಮತ್ತೊಮ್ಮೆ ಹೋಗಿ. ಉಬ್ಬರದ ಹೊತ್ತಿಗೇ ಮಳೆ ಸುರಿದರೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅಂದು ತಿಳಿಯುತ್ತದೆ.

ಫ್ಲಾಟು ಕೊಳ್ಳುವವರ ಕೆಲಸ ತುಸು ಹಗುರ. ಹೊಸ ಕಟ್ಟಡವಾದರೆ ಮಹಾರೇರಾ, ಅಂದರೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಕೊಟ್ಟ ನಂಬರು ಹಾಕಿ ಜಾಲತಾಣದಲ್ಲಿ ನೋಡಿ. ಕರಾರು ನೋಂದಣಿಯಾಗುವ ಮುನ್ನ ಬಿಲ್ಡರ್ ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಹಳೆಯದಾದರೆ ವಾಸಕ್ಕೆ ಅನುಮತಿ ಕೊಡುವ ಭೋಗವಟಾ ಪ್ರಮಾಣಪತ್ರ, ಸೊಸೈಟಿಯ ಷೇರು ಪತ್ರ, ಬಾಕಿ ಇಲ್ಲವೆಂಬ ಚೀಟಿ, ಜಾಗ ಸೊಸೈಟಿಯ ಹೆಸರಿಗೆ ಆಗಿದೆಯೇ ಎಂಬ ಕನ್ವೇಯನ್ಸ್ ಕೇಳಿ.

ಹಣದ ಲೆಕ್ಕ ಹೀಗೆ. 40 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇಕಡಾ 80, ಅಂದರೆ 32 ಲಕ್ಷ ಕೊಡುತ್ತದೆ. ಮುದ್ರಾಂಕ ಶುಲ್ಕ ಪಂಚಾಯತಿಗೊಂದು ಪಟ್ಟಣಕ್ಕೊಂದು ದರ. ಶೇಕಡಾ 6 ಹಿಡಿದರೆ 2 ಲಕ್ಷ 40 ಸಾವಿರ. ನೋಂದಣಿ ಶುಲ್ಕ ಶೇಕಡಾ 1, ಗರಿಷ್ಠ 30 ಸಾವಿರ. ಅಲ್ಲಿಗೆ ಕೈಯಿಂದ 10 ಲಕ್ಷ 70 ಸಾವಿರ ಬೇಕು. ವಕೀಲರು, ಮೋಜಣಿ, ದುರಸ್ತಿ ಬೇರೆ. ಶುಲ್ಕ ಹಾಕುವುದು ಕರಾರಿನ ಬೆಲೆ, ಸರ್ಕಾರದ ರೆಡಿ ರೆಕನರ್ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ. ಮನೆ ಹೆಂಗಸರ ಹೆಸರಿಗಷ್ಟೇ ಆದರೆ ಶೇಕಡಾ 1 ರಿಯಾಯಿತಿ ಇದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇಕಡಾ 1 ತೆರಿಗೆಯನ್ನು ಕೊಳ್ಳುವವರೇ ಹಿಡಿದು ಕಟ್ಟಬೇಕು. ಮಾರುವವರು ಗಲ್ಫ್‌ನಲ್ಲೋ ಬೇರೆ ವಿದೇಶದಲ್ಲೋ ನೆಲೆಸಿದವರಾದರೆ ನಿಯಮವೇ ಬೇರೆ, ದರವೂ ಹೆಚ್ಚು. ಬ್ಯಾಂಕಿನ ವಕೀಲರು ಕಾಗದ ನೋಡಿ ಸಾಲ ಕೊಡಲಾಗದು ಅಂದರೆ, ಕೈಯಲ್ಲಿ ಪೂರ್ತಿ ಹಣ ಇದ್ದವರೂ ಅಲ್ಲಿಗೇ ನಿಲ್ಲಿ.

ನೋಂದಣಿಯಾದ ದಿನಕ್ಕೆ ಕೆಲಸ ಮುಗಿಯದು. ತಲಾಠಿ, ಅಂದರೆ ಗ್ರಾಮ ಲೆಕ್ಕಿಗರ, ಕಚೇರಿಯಲ್ಲಿ ಫೇರ್‌ಫಾರ್ ನಮೂದಾಗಬೇಕು, ತಕರಾರಿಗೆ 15 ದಿನದ ನೋಟಿಸು ಹೋಗಬೇಕು, ಮಂಡಲ ಅಧಿಕಾರಿ ಅದನ್ನು ಮಂಜೂರು ಮಾಡಬೇಕು. ಮಹಾವಿತರಣದ ಕರೆಂಟಿನ ಮೀಟರು, ನೀರಿನ ನಳ, ಮನೆ ತೆರಿಗೆಯ ಹೆಸರುಗಳನ್ನು ಅದೇ ತಿಂಗಳಲ್ಲಿ ಬದಲಿಸಿಕೊಳ್ಳಿ. ಕೊನೆಗೆ ಹೊಸ ಸಾತ್‌ಬಾರಾ ತೆಗೆಸಿ, ನಿಮ್ಮ ಹೆಸರಿನ ಅಕ್ಷರ, ಕ್ಷೇತ್ರದ ಅಳತೆ, ಇತರ ಹಕ್ಕಿನ ಕಾಲಂ ಮೂರನ್ನೂ ಕರಾರಿನ ಜೊತೆ ಇಟ್ಟು ಓದಿ. ತಪ್ಪು ಕಂಡರೆ ಆ ವಾರವೇ ತಿದ್ದುಪಡಿಯ ಅರ್ಜಿ ಕೊಡಿ.

ನಮಸ್ಕಾರ.