ಮಡಿಸಿದ ಕಾಗದದಲ್ಲಿ ಸಮಾನ ಭಿನ್ನರಾಶಿ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕನೆಯ ಅಥವಾ ಐದನೆಯ ತರಗತಿಯ ಮಗುವಿದ್ದರೆ, 24 ಸೆಂಟಿಮೀಟರ್ ಉದ್ದದ ಒಂದು ಕಾಗದದ ಪಟ್ಟಿಯನ್ನೂ ಒಂದು ಬಣ್ಣದ ಪೆನ್ಸಿಲನ್ನೂ ಅದರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡರಲ್ಲಿ ಒಂದು, ನಾಲ್ಕರಲ್ಲಿ ಎರಡು, ಎಂಟರಲ್ಲಿ ನಾಲ್ಕು, ಇವೆಲ್ಲ ಸಮಾನ ಭಿನ್ನರಾಶಿಗಳೆಂದು ನಾವು ಮಕ್ಕಳಿಗೆ ಹೇಳಿಬಿಡುತ್ತೇವೆ. ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರಾಯಿತೆಂದು ಬಾಯಿಪಾಠವನ್ನೂ ಮಾಡಿಸುತ್ತೇವೆ. ಮಗು ಲೆಕ್ಕವನ್ನು ಸರಿಯಾಗಿಯೇ ಮಾಡುತ್ತದೆ. ಆದರೆ ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಎಂಟರಲ್ಲಿ ಒಂದು ಪಾಲು ದೊಡ್ಡದೋ ಎಂದು ಕೇಳಿದರೆ, ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ ಎಂದುಬಿಡುವ ಮಕ್ಕಳು ಬಹಳ. ಕಣ್ಣಿಗೆ ಕಾಣುವ ಮೊದಲೇ ಸೂತ್ರ ಬಾಯಿಗೆ ಬಂದದ್ದೇ ಇದಕ್ಕೆ ಕಾರಣವೆಂದು ನಾನು ನಂಬುತ್ತೇನೆ.

ಈಗ ಮಗು ಪಟ್ಟಿಯನ್ನು ತುದಿಗೆ ತುದಿ ಕೂಡಿಸಿ ಮಡಿಸಲಿ. ಬಿಡಿಸಿ, ಎಡಗಡೆಯ ಅರ್ಧಕ್ಕೆ ಬಣ್ಣ ತುಂಬಲಿ. ಪಟ್ಟಿಯನ್ನು ಮೊದಲಿನಂತೆಯೇ ಮಡಿಸಿ, ಮಡಿಸಿದ್ದನ್ನೇ ಇನ್ನೊಮ್ಮೆ ಅರ್ಧಕ್ಕೆ ಮಡಿಸಿ ಬಿಡಿಸಿದಾಗ ನಾಲ್ಕು ಮನೆಗಳಾಗುತ್ತವೆ, ಬಣ್ಣವಿರುವುದು ಎರಡರಲ್ಲಿ. ಮತ್ತೂ ಒಂದು ಮಡಿಕೆಗೆ ಎಂಟು ಮನೆಗಳು, ಬಣ್ಣ ನಾಲ್ಕರಲ್ಲಿ. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಬಣ್ಣ ಹೆಚ್ಚಿತೇ ಎಂದು ಕೇಳಿ, ಸ್ಕೇಲ್ ಇಟ್ಟು ಅಳೆಯಲು ಬಿಡಿ. ಬಣ್ಣದ ಉದ್ದ 12 ಸೆಂಟಿಮೀಟರೇ, ಕೂದಲಷ್ಟೂ ಬದಲಾಗಿಲ್ಲ. ಬಣ್ಣದ ಮನೆಗಳು ಇಮ್ಮಡಿಯಾದಾಗಲೆಲ್ಲ ಒಟ್ಟು ಮನೆಗಳೂ ಇಮ್ಮಡಿಯಾಗಿವೆ, ಒಂದೊಂದು ಮನೆಯೂ ಅರ್ಧಕ್ಕೆ ಇಳಿದಿದೆ. ಗುಣಿಸುವ ಆ ಸೂತ್ರ ಹುಟ್ಟುವುದು ಈ ಮಡಿಕೆಯಲ್ಲಿಯೇ.

ಚಪಾತಿಯಂತಹ ದುಂಡನೆಯ ಚಿತ್ರ ಅರ್ಧಕ್ಕೆ, ಕಾಲಿಗೆ ಚೆನ್ನ. ಅದನ್ನು ಮೂರೋ ಐದೋ ಸಮಪಾಲು ಮಾಡುವುದು ಮಗುವಿನ ಕೈಗೆ ಕಷ್ಟ. ಅಲ್ಲಿ ಆಯತವೇ ಅನುಕೂಲ. ಉದ್ದುದ್ದ ಎರಡು ಗೆರೆಗಳಿಂದ ಮೂರು ಸಮಪಾಲು ಮಾಡಿ ಎರಡಕ್ಕೆ ಬಣ್ಣ ಹಚ್ಚಿ, ಸರಿಯಾಗಿ ನಡುವೆ ಅಡ್ಡಗೆರೆಯೊಂದನ್ನು ಎಳೆದರೆ, ಮೂರರಲ್ಲಿ ಎರಡು ಎಂಬುದು ಆರರಲ್ಲಿ ನಾಲ್ಕಾಗಿ ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆಯಿದೆ, ಅದಕ್ಕೆ ನಮ್ಮ ಗಾಂಧಿ ಬಜಾರಿನ ಹೂವಿನ ಸಾಲಿಗಿಂತ ಒಳ್ಳೆಯ ಪಾಠಶಾಲೆ ನನಗೆ ತಿಳಿದಿಲ್ಲ. ನಾಲ್ಕು ಮೊಳಕ್ಕೆ ಒಂದು ಮಾರು; ಆದ್ದರಿಂದ ಅರ್ಧ ಮಾರು ಮಲ್ಲಿಗೆಯೂ ಎರಡು ಮೊಳ ಮಲ್ಲಿಗೆಯೂ ಒಂದೇ. ಆದರೆ ಮೊಳವೆಂದರೆ ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯಾದ್ದರಿಂದ, ಒಬ್ಬರಲ್ಲಿ ಅರ್ಧ ಮಾರು, ಮತ್ತೊಬ್ಬರಲ್ಲಿ ಎರಡು ಮೊಳ ಕೊಂಡು ಪಕ್ಕಪಕ್ಕ ಇಟ್ಟರೆ ಸಮ ಬರಲಾರದು. ಹೋಲಿಸುವಾಗ ಇಡೀ ವಸ್ತು ಒಂದೇ ಅಳತೆಯದಾಗಿರಬೇಕು. ಈ ಮಾತನ್ನು ನೀವೇ ಹೇಳಿಬಿಡಬೇಡಿ. 20 ಸೆಂಟಿಮೀಟರಿನ ಇನ್ನೊಂದು ಪಟ್ಟಿಯನ್ನು ನಾಲ್ಕಾಗಿ ಮಡಿಸಿ, ಎರಡು ಮನೆಗೆ ಬಣ್ಣ ಹಚ್ಚಿಸಿ, ಮೊದಲನೆಯ ಪಟ್ಟಿಯ ಕೆಳಗೆ ಇಡಿಸಿ. ಎರಡೂ ಅರ್ಧವೇ ಆಗಿದ್ದರೂ ಒಂದು 12, ಇನ್ನೊಂದು 10 ಸೆಂಟಿಮೀಟರ್ ಏಕಾಯಿತೆಂದು ಮಗುವೇ ಹೇಳಲಿ.